ಬೆಲ್ಲದ ಎಡಗಣ್ಣು

ನಮ್ಮ ಪಶು ಚಿಕಿತ್ಸಾಲಯದ ರಿಜಿಸ್ಟರಿನಲ್ಲಿ ದನ, ಎಮ್ಮೆ, ಕುರಿ, ಮೇಕೆ, ಹಂದಿ, ನಾಯಿ, ಕೋಳಿ ಎಂದು ಕಾಲಂಗಳಿವೆ. ಆ ಸೋಮವಾರ ನಮ್ಮ ಕಾಂಪೌಂಡರ್ ಎರಡು ಗಿನಿಪಿಗ್‌ಗಳನ್ನು ಹಂದಿಯ ಕಾಲಂಗೆ ಸೇರಿಸಿ ನೆಮ್ಮದಿಯಾಗಿ ಪೆನ್ನಿನ ಮುಚ್ಚಳ ಹಾಕಿದರು. ನಾನು ಅದನ್ನು ಹೊಡೆದು ಹಾಕಿ "ಇತರೆ" ಎಂದು ಬರೆಸಿದೆ. ಹಳ್ಳಿಮೈಸೂರು ಹೋಬಳಿಯಲ್ಲಿ ಗಬ್ಬ ನಿಲ್ಲದ ಹಸು, ಕೆಚ್ಚಲು ಬಾವು, ಕುರಿ ಜಂತು, ಇವುಗಳ ನಡುವೆ ದಿನ ಕಳೆಯುವವಳಿಗೆ "ಇತರೆ" ಕಾಲಂ ತುಂಬುವುದೇ ಒಂದು ಸಂಭ್ರಮ.

ಅವುಗಳನ್ನು ತಂದವರು ಊರಾಚೆಯ ಅಕ್ಕಿ ಗಿರಣಿಯ ಅಜ್ಜಿ. ಬಿದಿರು ಕುಕ್ಕೆಯನ್ನು ಮಡಿಲಲ್ಲಿಟ್ಟುಕೊಂಡು ಮಗನ ಗೂಡ್ಸ್ ಗಾಡಿಯ ಮುಂದಿನ ಸೀಟಿನಲ್ಲಿ ಬಂದಿದ್ದರು. ಒಳಗೆ ಕಂದು ಬಣ್ಣದ್ದೊಂದು, ಬಿಳಿಯದೊಂದು. ಹೆಸರು ಬೆಲ್ಲ, ಅವಲಕ್ಕಿ. ಇಟ್ಟವಳು ಮೊಮ್ಮಗಳು. ಅವಳು ಆ ವರ್ಷವಷ್ಟೇ ಆರನೇ ತರಗತಿಗೆ ಚನ್ನರಾಯಪಟ್ಟಣದ ಹಾಸ್ಟೆಲ್ ಶಾಲೆಗೆ ಸೇರಿ, ಪ್ರಾಣಿಗಳನ್ನು ಅಜ್ಜಿಯ ಕೈಗೆ ಒಪ್ಪಿಸಿ ಹೋಗಿದ್ದಳು.

"ದಸರಾ ರಜಕ್ಕೆ ಬತ್ತಾಳೆ ಕಣವ್ವ. ಅಲ್ಲೀಗಂಟ ನೋಡ್ಕತೀನಿ ಅಂತ ತಲೆ ಮ್ಯಾಲೆ ಕೈಯಿಟ್ಟು ಮಾತ್ ಕೊಟ್ಟೀನಿ. ಈಗ ನೋಡಿ, ಈ ಬೆಲ್ಲ ಎಡಗಣ್ಣೇ ಬುಡ್ತಾ ಇಲ್ಲ."

ದಸರಾ ರಜೆಗೆ ಇನ್ನೂ ಮೂರು ವಾರವಿತ್ತು. ಮೂರು ವಾರದಲ್ಲಿ ಒಂದು ಕಣ್ಣು ವಾಸಿಮಾಡುವುದು ಯಾವ ಮಹಾ ಕೆಲಸ ಎಂದುಕೊಂಡೆ.

ಬೆಲ್ಲವನ್ನು ಟವೆಲಿನಲ್ಲಿ ಸುತ್ತಿ ಕಾಂಪೌಂಡರ್ ಹಿಡಿದರು. ಹೋರಿಯ ಮೂಗುದಾರ ಹಿಡಿದು ಪಳಗಿದ ಕೈ, ಅಂಗೈಯಷ್ಟು ಪ್ರಾಣಿ ಹಿಡಿಯಲು ಹೆದರುತ್ತಿತ್ತು. ಎಡಗಣ್ಣಿನ ರೆಪ್ಪೆ ಅಂಟಿಕೊಂಡಿತ್ತು, ಅಂಚಿನಲ್ಲಿ ಗಟ್ಟಿಯಾದ ಪಿಸುರು. ಗಿನಿಪಿಗ್ ಮುಖ ತೊಳೆದುಕೊಳ್ಳಲು ಕಣ್ಣಿನಿಂದಲೇ ಹಾಲಿನಂಥ ದ್ರವ ಬಿಡುತ್ತದೆ, ಅದು ರೋಗವಲ್ಲ ಎಂಬುದು ನನಗೆ ಗೊತ್ತಿತ್ತು. ಇದು ಅದಲ್ಲ ಎಂಬುದೂ ಗೊತ್ತಾಯಿತು. ಸಲೈನಿನಲ್ಲಿ ಹತ್ತಿ ಅದ್ದಿ ಪಿಸುರು ನೆನೆಸಿ ತೆಗೆದೆ. ರೆಪ್ಪೆಯ ಒಳಗೆ ಕೆಂಪಗಿತ್ತು. ಕಣ್ಣಿಗೆ ಸೋಂಕು ಎಂದು ಚೀಟಿಯಲ್ಲಿ ಬರೆದು, ಮೆಡಿಕಲ್ ಸ್ಟೋರಿನಲ್ಲಿ ಮನುಷ್ಯರಿಗೆ ಕೊಡುವ ಆ್ಯಂಟಿಬಯಾಟಿಕ್ ಹನಿಯನ್ನೇ ದಿನಕ್ಕೆ ನಾಲ್ಕು ಸಲ ಹಾಕಲು ಹೇಳಿದೆ. ಹಸುವಿಗೆ ಕಣ್ಣುಮುಚ್ಚಿ ಕೊಡುವ ಪೆನ್ಸಿಲಿನ್ ಜಾತಿಯ ಔಷಧ ಇವುಗಳ ಕರುಳಿಗೆ ವಿಷ. ಕಾಂಪೌಂಡರ್ ಅದರ ಸೀಸೆ ಎತ್ತಿದಾಗ ತಡೆದು, ಯಾಕೆಂದು ವಿವರಿಸಿ, ನನ್ನ ಜ್ಞಾನಕ್ಕೆ ನಾನೇ ಬೀಗಿದೆ. ದಿನಾ ಒಂದು ತುಂಡು ಸೀಬೆಹಣ್ಣು ಕೊಡಿ, ಇವಕ್ಕೆ ಸಿ ಜೀವಸತ್ವ ಹೊರಗಿನಿಂದಲೇ ಬರಬೇಕು ಎಂದೂ ಹೇಳಿದೆ.

ಆಮೇಲೆ ಕುಕ್ಕೆಯೊಳಗೆ ಕೈಯಾಡಿಸಿದೆ. ತಳದಲ್ಲಿ ನಾಲ್ಕು ಬೆರಳು ದಪ್ಪ ಭತ್ತದ ಹೊಟ್ಟು. ಗಿರಣಿಯಿಂದ ಆಗಷ್ಟೇ ಬಂದದ್ದು, ಬಂಗಾರದ ಬಣ್ಣ, ಗರಿಗರಿ. ನಾನು ಅರಕಲಗೂಡು ಕಡೆ ಕೋಳಿ ಸಾಕಿದ ಮನೆಯಲ್ಲಿ ಬೆಳೆದವಳು. ಶೆಡ್ಡಿನ ತುಂಬ ಭತ್ತದ ಹೊಟ್ಟು ಹರವಿ, ಒದ್ದೆಯಾದದ್ದನ್ನು ಬಾಚಿ, ಹೊಸದು ಸುರಿದು ಬೆಳೆದವಳು. ಒಳ್ಳೆಯ ಹೊಟ್ಟು ಕಂಡರೆ ಕೈ ತಾನಾಗಿ ಮೆಚ್ಚುತ್ತದೆ.

"ಹಾಸು ಚೆನ್ನಾಗಿದೆ ಅಜ್ಜಿ. ಒಣಗಿದೆ. ದಿನಾ ಬದಲಾಯಿಸಿ, ಒದ್ದೆ ಆಗೋಕೆ ಬಿಡಬೇಡಿ."

ಅಜ್ಜಿಯ ಮುಖ ಅರಳಿತು. "ಗಿರಣೀಲಿ ಅದಕ್ಕೇನ್ ಬರ ಬುಡಿ" ಎಂದು ಎದ್ದರು.

ನಾಲ್ಕನೆಯ ದಿನ ಅಜ್ಜಿ ಮತ್ತೆ ಬಂದರು. ಈಗ ಅವಲಕ್ಕಿಯ ಬಲಗಣ್ಣೂ ಅಂಟಿಕೊಂಡಿತ್ತು. ನನಗೆ ಸಿಟ್ಟು ಬಂತು. ನಾನು ಮದ್ದು ಕೊಟ್ಟ ಮೇಲೂ ವಾಸಿಯಾಗದ ಪ್ರಾಣಿಯ ಮೇಲೆ ನನಗೆ ಸಿಟ್ಟು ಬರುತ್ತದೆ, ಅದೊಂದು ಕೆಟ್ಟ ಗುಣ. ಹನಿ ಸರಿಯಾಗಿ ಹಾಕಿಲ್ಲ ನೀವು ಎಂದು ಗದರಿದೆ. ಅಜ್ಜಿ ಬೆರಳು ಮಡಿಸಿ ಲೆಕ್ಕ ಕೊಟ್ಟರು: ಹಾಲು ಕರೆಯುವ ಹೊತ್ತಿಗೊಂದು, ಹತ್ತು ಗಂಟೆ ಬಸ್ಸಿಗೊಂದು, ಗಿರಣಿಯ ಆಳುಗಳು ಊಟಕ್ಕೆ ಕೂತಾಗೊಂದು, ದೀಪ ಹಚ್ಚುವಾಗೊಂದು. ತಪ್ಪಿಸಿರಲಿಲ್ಲ.

ಒಂದರಿಂದ ಒಂದಕ್ಕೆ ಹತ್ತಿದ್ದು ಎಂದು ತೀರ್ಮಾನಿಸಿದೆ. ಬೇರೆ ಬೇರೆ ಕುಕ್ಕೆಯಲ್ಲಿಡಿ, ಕೈ ತೊಳೆಯಿರಿ, ಹಾಸನ್ನು ದಿನಕ್ಕೆ ಎರಡು ಸಲ ಬದಲಾಯಿಸಿ ಎಂದೆ. ಎರಡು ಸಲ! ಈಗ ಬರೆಯುವಾಗಲೂ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕೆನಿಸುತ್ತದೆ.

ಶುಕ್ರವಾರ ಸಂಜೆ ಹೊಳೆನರಸೀಪುರದ ಮನೆಗೆ ಹೊರಟವಳು ಸ್ಕೂಟರ್ ತಿರುಗಿಸಿ ಗಿರಣಿಗೆ ಹೋದೆ. ಬೆಲ್ಲದ ಎಡಗಣ್ಣು ಸ್ವಲ್ಪ ತೆರೆದಿತ್ತು, ಆದರೆ ಕಪ್ಪಗೆ ಹೊಳೆಯಬೇಕಾದ ಗುಡ್ಡೆಯ ಮೇಲೆ ಮಜ್ಜಿಗೆ ಚೆಲ್ಲಿದಂತೆ ಬಿಳಿ ಮೋಡ. ಅಲ್ಲಿಂದಲೇ ಹಾಸನದ ಗೆಳತಿಗೆ ಫೋನ್ ಮಾಡಿದೆ. ಅವಳು ನಾಯಿ, ಬೆಕ್ಕು, ಮೊಲಗಳನ್ನು ನೋಡುವ ಡಾಕ್ಟರು.

"ಸ್ಟೇನ್ ಹಾಕಿ ನೋಡಿದ್ಯಾ?" ಎಂದಳು.

"ಹಸು ಆಸ್ಪತ್ರೇಲಿ ಸ್ಟೇನ್ ಎಲ್ಲಿಂದ ತರ್ಲಿ?"

"ಹಾಗಾದ್ರೆ ಹುಣ್ಣಾಗಿದೆಯೋ ಇಲ್ವೋ ಅಂತ ಗೊತ್ತಿಲ್ದೆ ಒಂದು ವಾರ ಮದ್ದು ಹಾಕ್ತಾ ಇದ್ದೀಯ."

ಗೆಳತಿಯರಲ್ಲದೆ ಇನ್ಯಾರು ಇಷ್ಟು ನೇರ ಹೇಳುತ್ತಾರೆ? ಭಾನುವಾರ ಬಸ್ಸಿನಲ್ಲಿ ಹಾಸನಕ್ಕೆ ಹೋಗಿ ಅವಳಿಂದ ನಾಲ್ಕು ಪಟ್ಟಿ ಇಸಿದುಕೊಂಡು ಬಂದೆ. ಕಿತ್ತಳೆ ಬಣ್ಣ ಬಳಿದ ಸಣ್ಣ ಕಾಗದದ ಪಟ್ಟಿಗಳವು. ಸಲೈನಿನಲ್ಲಿ ನೆನೆಸಿ ಕಣ್ಣಿಗೆ ತಾಗಿಸಿದರೆ, ಗುಡ್ಡೆಯ ಮೇಲಿನ ಗಾಜಿನಂಥ ಪೊರೆ ಗೀರಿದ್ದ ಕಡೆ ಮಾತ್ರ ಬಣ್ಣ ನಿಲ್ಲುತ್ತದೆ. ನೀಲಿ ಬೆಳಕಿನಲ್ಲಿ ಅದು ಹಸಿರಾಗಿ ಹೊಳೆಯುತ್ತದೆ.

ಸೋಮವಾರ ಮಧ್ಯಾಹ್ನ ಗಿರಣಿ ಮನೆಯ ಅಡುಗೆಕೋಣೆಯ ಬಾಗಿಲು ಮುಚ್ಚಿ ಕತ್ತಲು ಮಾಡಿ, ಟಾರ್ಚಿಗೆ ನೀಲಿ ಜಿಲೇಟಿನ್ ಕಾಗದ ಸುತ್ತಿ ನೋಡಿದೆ. ಬೆಲ್ಲದ ಕಣ್ಣಿನ ನಡುವೆ ರಾಗಿಕಾಳಿಗಿಂತ ದೊಡ್ಡ ಹಸಿರು ಬೊಟ್ಟು. ಅವಲಕ್ಕಿಯದರಲ್ಲಿ ತೆಳ್ಳಗಿನ ಗೀರು. ಕಣ್ಣಿಗೆ ಮರಗಟ್ಟಿಸುವ ಹನಿ ಬಿಟ್ಟು, ಒದ್ದೆ ಹತ್ತಿಕಡ್ಡಿಯಿಂದ ಬೆಲ್ಲದ ಮೇಲ್ರೆಪ್ಪೆ ಮಗುಚಿದೆ. ರೆಪ್ಪೆಯ ಒಳಮಡಿಕೆಯಲ್ಲಿ ಏನೋ ಚುಕ್ಕೆ. ಹತ್ತಿಗೆ ಅಂಟಿಸಿಕೊಂಡು ಹೊರಗೆಳೆದೆ. ಅಜ್ಜಿ ಬಾಗಿಲು ತೆಗೆದರು. ಬೆಳಕಿನಲ್ಲಿ ಹಿಡಿದೆ.

ಭತ್ತದ ಹೊಟ್ಟಿನ ತುದಿ. ಬಂಗಾರದ ಬಣ್ಣದ್ದು. ಬೆರಳ ತುದಿಯಿಂದ ಒತ್ತಿದರೆ ಸೂಜಿಯಂತೆ ಚುಚ್ಚಿತು.

ಕೋಳಿ ಎತ್ತರದಲ್ಲಿ ನಡೆಯುತ್ತದೆ, ಹೊಟ್ಟು ಅದರ ಕಾಲಡಿ ಇರುತ್ತದೆ. ಗಿನಿಪಿಗ್ ಹಾಸಿನೊಳಗೆ ಮೂತಿ ತೂರಿಸಿ ಹುದುಗುತ್ತದೆ, ಅಲ್ಲೇ ಮಲಗುತ್ತದೆ. ಅದರ ಗುಂಡು ಕಣ್ಣು ಹೊಟ್ಟಿನ ಮಟ್ಟಕ್ಕೇ ಇರುತ್ತದೆ. ಹಳೆಯ ಹೊಟ್ಟು ತುಳಿದು ತುಳಿದು ಮೆತ್ತಗಾದರೂ ಆಗುತ್ತಿತ್ತು. ದಿನಕ್ಕೆ ಎರಡು ಸಲ ಹೊಸ ಸೂಜಿಗಳನ್ನು ಸುರಿಯಲು ಹೇಳಿದವಳು ನಾನು.

"ಇನ್ಮೇಲೆ ಹೊಟ್ಟು ಬೇಡ ಅಜ್ಜಿ. ಹಳೇ ಹತ್ತಿ ಸೀರೆ ಹಾಸಿ" ಎಂದೆ. ನನ್ನ ದನಿ ನನಗೇ ಬೇರೆ ಯಾರದೋ ಅನಿಸಿತು.

ಅಜ್ಜಿ ನನ್ನ ಮುಖ ನೋಡಿದರು. ಸೀರೆ ತರಲು ಎದ್ದರು.

ಆದರೆ ಬೆಲ್ಲದ ಕಣ್ಣಿನ ಹುಣ್ಣಿನ ಅಂಚು ಕರಗುತ್ತಿರುವ ತುಪ್ಪದಂತೆ ಲೊಳಲೊಳ ಇತ್ತು. ಹೊಟ್ಟು ಚುಚ್ಚಿದ್ದಕ್ಕೆ ಇಷ್ಟಾಗಬಾರದು. "ನಾನು ಕೊಟ್ಟ ಹನಿ ಬಿಟ್ಟು ಬೇರೆ ಏನಾದ್ರೂ ಹಾಕಿದ್ರಾ?" ಎಂದು ಕೇಳಿದೆ. ಅಷ್ಟರಲ್ಲಿ ಮಗ ಗಿರಣಿಯಿಂದ ಮೈಯೆಲ್ಲ ತೌಡಿನ ಪುಡಿ ಮಾಡಿಕೊಂಡು ಒಳಗೆ ಬಂದರು.

ಅಜ್ಜಿ ದೇವರ ಗೂಡಿನಿಂದ ಸ್ಟೀಲ್ ಡಬ್ಬಿ ತಂದು ಬಿಚ್ಚಿದರು. ಒಳಗೆ ಅವರ ಕಣ್ಣಿನ ಪೊರೆ ಆಪರೇಷನ್ ಆದಾಗ ಕೊಟ್ಟಿದ್ದ ಹನಿಯ ಸೀಸೆ. "ಇದ್ನೂ ಒಂದೊಂದ್ ತೊಟ್ಟು ಆಕ್ದೆ ಕಣವ್ವ, ಬುಧವಾರದಿಂದ. ನಾಕೊರ್ಸ ಮಂಜುಮಂಜಾಗಿತ್ತು ನಂಗೆ. ಇದ್ ಬುಟ್ಟಮ್ಯಾಲೆ ಸೂಜಿಗ್ ದಾರ ಪೋಣಿಸ್ದೆ. ಇವುಕ್ಕೂ ಅಂಗೇ ಆಗ್ಲಿ ಅಂತ."

ಸೀಸೆಯ ಮೇಲೆ ಓದಿದೆ. ಆ್ಯಂಟಿಬಯಾಟಿಕ್ ಜತೆ ಸ್ಟೆರಾಯ್ಡ್. ಆಪರೇಷನ್ ಆದ ಕಣ್ಣಿನ ಊತ ಇಳಿಸಲು ಅಮೃತ, ಹುಣ್ಣಾದ ಕಣ್ಣಿಗೆ ಹಾಕಿದರೆ ಹುಣ್ಣು ಆಳಕ್ಕೆ ತೋಡುತ್ತದೆ.

"ಇದರಲ್ಲಿ ಸ್ಟೆರಾಯ್ಡ್ ಇದೆ. ಹುಣ್ಣಿರೋ ಕಣ್ಣಿಗೆ ಹಾಕಬಾರದು" ಎಂದೆ. ನಿಜವನ್ನೇ ಹೇಳಿದೆ, ಅರ್ಧ.

ಮಗನ ಗಂಟಲು ಗಿರಣಿ ಸದ್ದನ್ನು ಮೀರಿಸಿ ಕೂಗಿ ಬೆಳೆದದ್ದು. "ಏನವ್ವ ನೀನು? ಡಾಕ್ಟ್ರು ಕೊಟ್ಟಿರೋದ್ನ ಆಕ್ತಾ ಸುಮ್ಕಿರಕಾಗಕಿಲ್ವಾ? ನಿನ್ ಕಣ್ಣೌಷ್ದಿ ಬುಟ್ಟು ಮೂಗ್ ಪ್ರಾಣಿ ಕಣ್ಣ್ ಕಳ್ದ್‌ಬುಟ್ಟೆ! ಮಗೀಗೇನ್ ಏಳ್ತೀಯ ಈಗ?"

ಅಜ್ಜಿ ಡಬ್ಬಿಯ ಮುಚ್ಚಳವನ್ನು ಹಾಕಲು ನೋಡುತ್ತಿದ್ದರು. ಅದು ಸರಿಯಾಗಿ ಕೂರುತ್ತಿರಲಿಲ್ಲ. ಮಗ ನನ್ನ ಕಡೆ ತಿರುಗಿ, "ಮೇಡಂ, ನಿಮ್ಗೆ ಸುಮ್ನೆ ತೊಂದ್ರೆ ಕೊಟ್ಬುಟ್ರು ನಮ್ಮವ್ವ" ಎಂದರು. ಹೊಟ್ಟಿನ ಮಾತು ಆಗಲೇ ಹೇಳಬೇಕಿತ್ತು. ಮೊದಲು ಚುಚ್ಚಿದ್ದು ಹೊಟ್ಟು, ಅದನ್ನು ಹೊಗಳಿದ್ದು ನಾನು, ಎರಡರಷ್ಟು ಮಾಡಿಸಿದ್ದೂ ನಾನು. ನಾನು ಟಾರ್ಚಿನ ನೀಲಿ ಕಾಗದ ಬಿಚ್ಚಿ ಮಡಿಸುತ್ತ ಕೂತೆ.

ಗೆಳತಿ ಫೋನಿನಲ್ಲಿ ಒಂದೇ ಒಂದು ದಾರಿ ಹೇಳಿದಳು. ಹುಣ್ಣು ಕರಗುವುದನ್ನು ತಡೆಯಲು ರಕ್ತದ ಸೀರಂ ಹನಿ ಹಾಕಬೇಕು, ಎರಡು ಗಂಟೆಗೊಮ್ಮೆ. ಅಂಗೈಯಷ್ಟು ಪ್ರಾಣಿಯಿಂದ ಅಷ್ಟು ರಕ್ತ ತೆಗೆಯುವಂತಿಲ್ಲ, ಬೇರೆ ಆರೋಗ್ಯವಂತ ಪ್ರಾಣಿಯದಾದರೂ ನಡೆಯುತ್ತದೆ ಎಂದಳು. ಅದೊಂದು ಮಾತು ನನ್ನ ಕೈಗೆ ಜೀವ ಕೊಟ್ಟಿತು. ಹಸುವಿನ ಕುತ್ತಿಗೆಯ ರಕ್ತನಾಳ ನನಗೆ ಕಣ್ಣು ಮುಚ್ಚಿದರೂ ಸಿಗುತ್ತದೆ.

ಅಜ್ಜಿಯ ಕೊಟ್ಟಿಗೆಯ ಹಸುವನ್ನೇ ಆರಿಸಿದೆ. ಕಾಂಪೌಂಡರ್ ಕುತ್ತಿಗೆ ಎತ್ತಿ ಹಿಡಿದರು. ಹತ್ತು ಮಿಲಿ ತೆಗೆದು ಎರಡು ಗಾಜಿನ ಕೊಳವೆಗೆ ಬಿಟ್ಟು, ಅಕ್ಕಿ ತುಂಬಿದ ಲೋಟದಲ್ಲಿ ಓರೆಯಾಗಿ ನಿಲ್ಲಿಸಿದೆ. ರಕ್ತ ತಿರುಗಿಸುವ ಯಂತ್ರ ನಮ್ಮಲ್ಲಿಲ್ಲ, ಅದು ತಾನಾಗಿ ಹೆಪ್ಪುಗಟ್ಟಿ, ಮೇಲೆ ಹೊನ್ನಿನ ಬಣ್ಣದ ತಿಳಿ ನಿಲ್ಲುವವರೆಗೆ ಕಾಯಬೇಕು. ಸಂಜೆಯ ಹೊತ್ತಿಗೆ ನಿಂತಿತು. ಸಿರಿಂಜಿನಿಂದ ತಿಳಿಯನ್ನು ಮಾತ್ರ ಹೀರಿ, ಕುದಿಸಿ ಆರಿಸಿದ ಪುಟ್ಟ ಸೀಸೆಗೆ ಹಾಕಿ, ಲಸಿಕೆಯ ಐಸ್ ಡಬ್ಬಿಯಲ್ಲಿಟ್ಟೆ.

"ಅಸೀನ್ ರಕ್ತ ಇಲೀಗಾ?" ಅಜ್ಜಿ ಕೇಳಿದರು. ಮಗ ಗದರಿದ ಮೇಲೆ ಅವರಾಡಿದ ಮೊದಲ ಮಾತು ಅದು.

"ರಕ್ತ ಅಲ್ಲ ಅಜ್ಜಿ, ಅದರ ತಿಳಿ."

"ಏನಾರ ಆಗ್ಲಿ. ಏಳಿ, ಎಷ್ಟೊತ್ಗೆ ಎಷ್ಟ್ ತೊಟ್ಟು. ಇನ್ನೊಂದ್ ತೊಟ್ಟೂ ಎಚ್ಗೆ ಆಕಕಿಲ್ಲ."

ಐದು ದಿನ ಹಾಕಿದರು. ಎರಡು ದಿನಕ್ಕೊಮ್ಮೆ ಹೊಸ ತಿಳಿ ಮಾಡಿದೆ. ಬೆಳಿಗ್ಗೆ ಆಸ್ಪತ್ರೆಗೆ ಹೋಗುವ ಮುನ್ನ ಒಮ್ಮೆ, ಮನೆಗೆ ಹೊರಡುವಾಗ ಒಮ್ಮೆ ಗಿರಣಿಗೆ ಹೋಗುತ್ತಿದ್ದೆ. ಅವಲಕ್ಕಿಯ ಗೀರು ಮೂರನೆಯ ದಿನಕ್ಕೇ ಮುಚ್ಚಿಕೊಂಡಿತು, ಒಂದು ಮಸುಕು ಗೆರೆ ಮಾತ್ರ ಉಳಿಯಿತು. ಬೆಲ್ಲದ ಹಸಿರು ಬೊಟ್ಟು ಚಿಕ್ಕದಾಗಲಿಲ್ಲ. ದಿನಾ ಆ ಟಾರ್ಚ್ ಹಿಡಿದು ಬಗ್ಗುವಾಗ ಇವತ್ತಾದರೂ, ಇವತ್ತಾದರೂ ಎಂದುಕೊಳ್ಳುತ್ತಿದ್ದೆ. ಮದ್ದು ಸರಿ ಇತ್ತು, ಪ್ರಮಾಣ ಸರಿ ಇತ್ತು, ಹೊತ್ತು ತಪ್ಪುತ್ತಿರಲಿಲ್ಲ. ಆದರೂ ಅದು ನನ್ನ ಕೈಯಿಂದ ಜಾರುತ್ತಲೇ ಇತ್ತು. ಎಲ್ಲವನ್ನೂ ತಡವಾಗಿ ಸರಿ ಮಾಡುವುದಕ್ಕಿಂತ ದೊಡ್ಡ ಅಸಹಾಯಕತೆ ನನಗೆ ಗೊತ್ತಿಲ್ಲ.

ಭಾನುವಾರ ಹಾಸ್ಟೆಲಿನಿಂದ ಮೊಮ್ಮಗಳ ಫೋನ್ ಬಂದಾಗ ನಾನು ಅಲ್ಲೇ ಇದ್ದೆ. ಸ್ಪೀಕರಿನಲ್ಲಿ ಹುಡುಗಿಯ ದನಿ: "ಅಜ್ಜಿ, ಬೆಲ್ಲ ನಾನ್ ಬಂದ್ರೆ ಗುರುತು ಹಿಡಿಯುತ್ತಾ?"

"ಇಡೀತದೆ ಕಣವ್ವ, ಇಡೀದೆ ಏನು" ಎಂದರು ಅಜ್ಜಿ. ಬೆಲ್ಲ ಅವರ ಮಡಿಲಲ್ಲೇ ಇತ್ತು. ಅವತ್ತು ಬೆಳಿಗ್ಗೆ ಅದರ ಕಣ್ಣು ಒಡೆದಿತ್ತು.

ಉಳಿದದ್ದು ಎರಡೇ ದಾರಿ. ಒಂದು ಸೂಜಿ ಕೊಟ್ಟು ನೋವು ಮುಗಿಸುವುದು, ಅಥವಾ ಕಣ್ಣು ತೆಗೆಸುವುದು. ಇಷ್ಟು ಸಣ್ಣ ಪ್ರಾಣಿಗೆ ಅರಿವಳಿಕೆ ಕೊಟ್ಟರೆ ಏಳುವ ಭರವಸೆ ಇಲ್ಲ, ಎದ್ದರೂ ಹೊಟ್ಟೆಗೆ ತಿನ್ನದಿದ್ದರೆ ಕರುಳು ನಿಂತುಹೋಗುತ್ತದೆ ಎಂದು ಎಲ್ಲ ಬಿಡಿಸಿ ಹೇಳಿದೆ. ಅಷ್ಟರಲ್ಲಾದರೂ ಏನನ್ನೂ ಮುಚ್ಚಿಡಬಾರದು ಅನಿಸಿತ್ತು, ಮುಚ್ಚಿಟ್ಟದ್ದನ್ನು ಬಿಟ್ಟು.

ಮಗ, "ಮೇಡಂ, ಇಲೀಗ್ ಆಪ್ರೇಸನ್ನಾ? ಇನ್ನೊಂದ್ ತಂದ್ ಬುಟ್ರಾಯ್ತು, ಅದೇ ಬಣ್ಣದ್ದು. ಮಗೀಗೆಲ್ಲಿ ಗೊತ್ತಾಯ್ತದೆ" ಎಂದರು. ಒರಟು ಮಾತಾದರೂ ಆಡಿದ್ದು ಮಗಳ ಮೇಲಿನ ಅಕ್ಕರೆಯಿಂದಲೇ.

"ನಂಗ್ ಗೊತ್ತಾಯ್ತದಲ್ಲ" ಎಂದರು ಅಜ್ಜಿ. "ಕಣ್ಣ್ ಓದ್ರೆ ಓಗ್ಲಿ. ಜೀವ ಉಳೀಲಿ. ನಡೀರಿ ಆಸನಕ್ಕೆ."

ಮಂಗಳವಾರ ರಜೆ ಹಾಕಿ ಗೂಡ್ಸ್ ಗಾಡಿಯಲ್ಲಿ ಮೂವರೂ ಹೋದೆವು. ಗೆಳತಿ ಚಾಕು ಹಿಡಿದಳು, ನಾನು ಬೆಲ್ಲದ ಉಸಿರಿನ ಮೇಲೆ ಕಣ್ಣಿಟ್ಟೆ. ಮೈ ತಣ್ಣಗಾಗದಂತೆ ಬಿಸಿನೀರು ತುಂಬಿದ ಕೈಗವಸುಗಳನ್ನು ಎರಡೂ ಪಕ್ಕ ಇಟ್ಟಿದ್ದೆವು. ಇಪ್ಪತ್ತೈದು ನಿಮಿಷ. ಗಿನಿಪಿಗ್ ಕಣ್ಣಿನ ಹಿಂದೆ ರಕ್ತದ ಚೀಲದಂಥ ನಾಳವಿರುತ್ತದೆ, ತಾಗಿದರೆ ಮುಗಿಯಿತು. ಗೆಳತಿ ತಾಗಿಸಲಿಲ್ಲ. ನಾಲ್ಕು ಹೊಲಿಗೆ. ಅರ್ಧ ಗಂಟೆಯ ಮೇಲೆ ಬೆಲ್ಲ ಮೂಗು ಅಲ್ಲಾಡಿಸಿತು. ಹೊರಗೆ ಬೆಂಚಿನ ಮೇಲಿದ್ದ ಅಜ್ಜಿ ನನ್ನ ಎರಡೂ ಕೈ ಹಿಡಿದುಕೊಂಡು ಕಣ್ಣಿಗೊತ್ತಿಕೊಂಡರು. ನಾನು ಕೈ ಎಳೆದುಕೊಂಡೆ.

ಬೆಲ್ಲ ತಿನ್ನಲಿಲ್ಲ. ಹುಲ್ಲು ಮುಟ್ಟಲಿಲ್ಲ, ಸೀಬೆಹಣ್ಣು ಮೂಸಿ ಮುಖ ತಿರುಗಿಸಿತು. ಕುದುರೆಮೆಂತೆ ಸೊಪ್ಪು ಅರೆದು, ಸೋಸಿ, ಸೂಜಿಯಿಲ್ಲದ ಸಿರಿಂಜಿನಲ್ಲಿ ಕೆನ್ನೆಯ ಪಕ್ಕದಿಂದ ಸ್ವಲ್ಪ ಸ್ವಲ್ಪವೇ ಕುಡಿಸಬೇಕು. ನೇರ ಬಿಟ್ಟರೆ ಶ್ವಾಸಕ್ಕೆ ಹೋಗುತ್ತದೆ. ಅಜ್ಜಿ ಒಂದೇ ಸಲಕ್ಕೆ ಕಲಿತರು. ಹೊಟ್ಟೆ ಮೆಲ್ಲಗೆ ನೀವಿ, ಹಿಕ್ಕೆ ಬಿದ್ದದ್ದನ್ನು ಹಾಳೆಯ ಮೇಲೆ ಎಣಿಸಿಡಿ ಎಂದಿದ್ದೆ. ಬುಧವಾರ ಒಂಬತ್ತು. ಗುರುವಾರ ಎರಡು. ಶುಕ್ರವಾರ ಬೆಳಿಗ್ಗೆ ನಾನು ಹೋದಾಗ ಹಾಳೆ ಬಿಳಿಯಾಗಿತ್ತು. ಹೊಟ್ಟೆ ಬಿಗಿದಿತ್ತು, ಬೆರಳಿನಲ್ಲಿ ತಟ್ಟಿದರೆ ಟೊಳ್ಳು ಸದ್ದು. ಇದ್ದಬದ್ದ ಇಂಜೆಕ್ಷನ್ ಎಲ್ಲ ಕೊಟ್ಟೆ. ಹನ್ನೊಂದು ಗಂಟೆಯ ಹೊತ್ತಿಗೆ, ಹೊರಗೆ ಗಿರಣಿ ದಡದಡ ಓಡುತ್ತಿರುವಾಗ, ಅಜ್ಜಿಯ ಮಡಿಲಲ್ಲಿ ಹೊಲಿಗೆ ಹಾಕಿದ ಕಡೆ ಮೇಲಾಗಿ ಮಲಗಿ, ಬೆಲ್ಲ ಎರಡು ಸಲ ಕಾಲು ಒದರಿತು.

ನಾನು ಅತ್ತೆ. ಹಸು ಸತ್ತಾಗ ಮನೆಯವರ ಮುಂದೆ ಅಳಬಾರದು ಎಂದು ನನಗೆ ನಾನೇ ಹಾಕಿಕೊಂಡ ಕಟ್ಟಳೆ ಇದೆ. ಗಿನಿಪಿಗ್ ಲೆಕ್ಕಕ್ಕಿರಲಿಲ್ಲವೋ ಏನೋ. ಅಜ್ಜಿ ಅಳಲಿಲ್ಲ. ಹಾಸಿದ್ದ ಸೀರೆಯಲ್ಲೇ ಸುತ್ತಿ ಎತ್ತಿಕೊಂಡರು.

ಮಾರನೆಯ ದಿನ ಹುಡುಗಿ ಬಂದಳು. ಅವಲಕ್ಕಿಯ ಕಣ್ಣು ನೋಡುವ ನೆಪದಲ್ಲಿ ನಾನೂ ಹೋದೆ. ನಿಜಕ್ಕೂ ಹೋದದ್ದು ಹೇಳಬೇಕೆಂದು. ಗಿರಣಿಯಿಂದ ಆಸ್ಪತ್ರೆಗೆ, ಆಸ್ಪತ್ರೆಯಿಂದ ಗಿರಣಿಗೆ ಸ್ಕೂಟರ್ ಎರಡು ಸಲ ತಿರುಗಿಸಿ ಮೂರನೆಯ ಸಲ ಒಳಗೆ ಬಂದೆ.

ಜಗಲಿಯಲ್ಲಿ ಹುಡುಗಿ ಇನ್ನೂ ಬ್ಯಾಗು ಬಿಚ್ಚದೆ ಕೂತಿದ್ದಳು. ಅತ್ತು ಮುಖ ಊದಿಕೊಂಡಿತ್ತು. ಅಜ್ಜಿ ಎದುರಿಗೆ ನೆಲದ ಮೇಲೆ ಕೂತು ಹೇಳುತ್ತಿದ್ದರು. "ನಂದೇ ತಪ್ಪು ಕಣವ್ವ. ತಿಳೀದೆ ನನ್ ಕಣ್ಣಿನ್ ಔಷ್ದಿ ಆಕ್ಬುಟ್ಟೆ. ಡಾಕ್ಟ್ರವ್ವ ಏನೆಲ್ಲ ಮಾಡುದ್ರು. ಬೈಯಂಗಿದ್ರೆ ನನ್ ಬೈಯಿ."

"ಅಲ್ಲ" ಎಂದೆ ನಾನು. ನಿಂತಲ್ಲೇ ಹೇಳಿದೆ. ಹೊಟ್ಟು ಚೆನ್ನಾಗಿದೆ ಎಂದದ್ದು, ಎರಡು ಸಲ ಬದಲಾಯಿಸಿ ಎಂದದ್ದು, ರೆಪ್ಪೆಯಡಿಯಲ್ಲಿ ಸಿಕ್ಕಿದ ತುದಿ, ಅದನ್ನು ನೋಡಿಯೂ ಬಾಯಿ ಬಿಡದೆ ಅಜ್ಜಿಯನ್ನು ಬೈಸಿದ್ದು. ಹುಡುಗಿಗೆ ಎಷ್ಟು ಅರ್ಥವಾಯಿತೋ, ನನ್ನನ್ನೇ ನೋಡುತ್ತಿದ್ದಳು. ಅಜ್ಜಿಯ ಕಡೆ ನೋಡಲು ನನಗೆ ಧೈರ್ಯ ಬರಲಿಲ್ಲ.

"ಗೊತ್ತು ಕಣವ್ವ" ಎಂದರು ಅಜ್ಜಿ.

ನಾನು ತಲೆಯೆತ್ತಿದೆ.

"ಆ ಒಟ್ಟಿನ್ ಚೂರ್ ತೆಗ್ದೆಯಲ್ಲ, ಅವತ್ತೇ ನಿನ್ ಮಖ ನೋಡ್ದೆ. ನಂಗೀಗ ಕಣ್ಣು ಕಾಣ್ತದಲ್ಲ." ಮೊದಲ ಸಲ ನನ್ನನ್ನು ಏಕವಚನದಲ್ಲಿ ಮಾತಾಡಿಸಿದ್ದರು. "ನನ್ ಮಗಂದು ಬಾಯಿ ಜೋರು. ಗಿರಣಿಗ್ ಬಂದೋರ್ಗೆಲ್ಲ ಸಾರ್‌ಬುಡೋನು. ಆಮ್ಯಾಕೆ ಈ ಸೀಮೇಲಿ ದನ ಯಾರ್ ಇಡ್ಕೊಂಬರೋರು ನಿನ್ತಾವ? ನಂಗೇನು, ಮಗ ಬೈದ, ಉಂಡ್ಕೊಂಡ್ ಮಲೀಕಂಡ."

ಹುಡುಗಿ ಎದ್ದು ಒಳಗೆ ಹೋದಳು. ಇನ್ನು ನನ್ನ ಮುಖ ನೋಡುವುದಿಲ್ಲ ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ಹಳೆಯ ಸೀರೆಯ ತುಂಡಿನಲ್ಲಿ ಅವಲಕ್ಕಿಯನ್ನು ಸುತ್ತಿಕೊಂಡು, ಇನ್ನೊಂದು ಕೈಯಲ್ಲಿ ಹನಿಯ ಸೀಸೆ ಹಿಡಿದುಕೊಂಡು ಬಂದಳು. ಸೀಸೆಯನ್ನು ನನಗೆ ಕೊಡಲಿಲ್ಲ, ಅಜ್ಜಿಯ ಕೈಗೆ ಕೊಟ್ಟಳು.

"ನೀನೇ ಹಾಕಜ್ಜಿ" ಎಂದಳು. "ಡಾಕ್ಟ್ರು ಹಿಡ್ಕೊಳ್ಳಲಿ."

ನಾನು ಹಿಡಿದುಕೊಂಡೆ.